ದೀಪದ ಆಯುಷ್ಯವನ್ನು ನಿರ್ಧರಿಸಿದವರು



ಹುಟ್ಟಿದ್ದಕ್ಕೆಲ್ಲ ಅಳಿವುಂಟೆಂಬುದು ಸರ್ವರೂ ಬಲ್ಲ ಮಾತು. ಮನುಷ್ಯನ ಶರೀರಕ್ಕೆ ಹೇಗೋ ಹಾಗೆಯೇ ಅವನು ಮಾಡಿದ ವಸ್ತುವಿಗೂ ಒಂದು ಆಯುಷ್ಯವಿದೆ. ಮಡಕೆ ಒಡೆಯುತ್ತದೆ, ಹಗ್ಗ ಸವೆಯುತ್ತದೆ, ನೇಗಿಲಿನ ಗುಳ ಮೊಂಡಾಗುತ್ತದೆ. ಇದರಲ್ಲಿ ಯಾರ ದೋಷವನ್ನೂ ಎಣಿಸುವಂತಿಲ್ಲ. ಆದರೆ ಇನ್ನೂ ಬಾಳಬಹುದಾದ ವಸ್ತುವನ್ನು ಬೇಗ ಅಳಿಯುವಂತೆ ಬೇಕೆಂದೇ ಮಾಡಿದರೆ ಅದನ್ನು ಪ್ರಕೃತಿಯ ನಿಯಮವೆಂದು ಒಪ್ಪಲಾಗದು. ಅದು ಮನುಷ್ಯರು ಕುಳಿತು ಮಾಡಿದ ನಿರ್ಧಾರ. ಅಂತಹ ಒಂದು ನಿರ್ಧಾರವು ಚರಿತ್ರೆಯಲ್ಲಿ ಎಂದು, ಎಲ್ಲಿ, ಯಾರಿಂದ ಆಯಿತೆಂಬುದನ್ನೂ, ಅದರ ನೆರಳು ಇಂದು ನಮ್ಮ ಅಡುಗೆಮನೆಯವರೆಗೆ ಹೇಗೆ ಚಾಚಿದೆಯೆಂಬುದನ್ನೂ ತಮ್ಮ ಮುಂದಿಡುವುದೇ ಈ ಲೇಖನದ ಉದ್ದೇಶವಾಗಿದೆ.

“ಹಿಂದಿನ ಕಾಲದ ಸಾಮಾನಿನ ಗಟ್ಟಿತನ ಈಗಿನದಕ್ಕೆ ಎಲ್ಲಿ ಬಂತು?” ಎಂಬ ಮಾತನ್ನು ತಾವೆಲ್ಲರೂ ಕೇಳಿದ್ದೀರಿ, ಬಹುಶಃ ಆಡಿಯೂ ಇದ್ದೀರಿ. ತಾತನ ಕಾಲದ ಬೀಸಣಿಗೆ, ಅಂದರೆ ಫ್ಯಾನು, ಇಂದಿಗೂ ತಿರುಗುತ್ತಿದೆ. ನಾಲ್ಕು ವರ್ಷದ ಹಿಂದೆ ತಂದ ಮಿಕ್ಸಿ ಮೂಲೆ ಸೇರಿದೆ. ಈ ಅನುಭವ ಸುಳ್ಳಲ್ಲ. ಆದರೂ ಚರಿತ್ರೆಯನ್ನು ಓದುವವನು ಅನುಭವವನ್ನು ತೂಗಿ ನೋಡಬೇಕು. ಹಳೆಯ ವಸ್ತುಗಳಲ್ಲಿ ಗಟ್ಟಿಯಾಗಿದ್ದವು ಮಾತ್ರ ಉಳಿದುಕೊಂಡು ನಮ್ಮ ಕಣ್ಣಿಗೆ ಬೀಳುತ್ತವೆ. ಆ ಕಾಲದಲ್ಲಿಯೇ ಕೆಟ್ಟು ಗುಜರಿ ಸೇರಿದವುಗಳನ್ನು ನೆನೆಯುವವರು ಯಾರೂ ಇಲ್ಲ. ಮೇಲಾಗಿ, ಹಿಂದೆ ಒಂದು ಫ್ಯಾನನ್ನೋ ರೇಡಿಯೋವನ್ನೋ ಕೊಳ್ಳಲು ಗೃಹಸ್ಥನು ಅನೇಕ ತಿಂಗಳು ಹಣ ಕೂಡಿಡಬೇಕಾಗಿತ್ತು. ಇಂದು ಅಗ್ಗವಾಗಿರುವುದರಿಂದಲೇ ಬಡವನ ಮನೆಗೂ ಅವು ಬಂದಿವೆ. ಇವೆರಡನ್ನೂ ಒಪ್ಪಿಕೊಂಡ ಬಳಿಕವೂ ಒಂದು ಪ್ರಶ್ನೆ ಉಳಿಯುತ್ತದೆ: ಬಾಳಿಕೆ ತಾನಾಗಿಯೇ ಕುಗ್ಗಿತೋ, ಯಾರಾದರೂ ಕುಗ್ಗಿಸಿದರೋ? ಈ ಪ್ರಶ್ನೆಗೆ ಊಹೆಯಿಂದಲ್ಲದೆ ದಾಖಲೆಯಿಂದ ಉತ್ತರ ದೊರೆಯುವ ಸಂದರ್ಭಗಳು ವಿರಳ. ಅಂತಹ ವಿರಳ ಸಂದರ್ಭಗಳಲ್ಲಿ ವಿದ್ಯುದ್ದೀಪದ ಚರಿತ್ರೆ ಒಂದು.

ಅಮೆರಿಕದ ಥಾಮಸ್ ಆಲ್ವ ಎಡಿಸನ್‌ನು ೧೮೭೯ರಲ್ಲಿ ಗಾಜಿನ ಬುರುಡೆಯೊಳಗೆ ಇಂಗಾಲದ ಎಳೆಯೊಂದನ್ನು ಗಂಟೆಗಟ್ಟಲೆ ಬೆಳಗಿಸಿ ತೋರಿಸಿದನು. ಆ ಮೇಲೆ ಕಾಲು ಶತಮಾನ ಕಳೆಯುವಷ್ಟರಲ್ಲಿ ವಿದ್ಯುದ್ದೀಪವು ಕನ್ನಡನಾಡಿಗೂ ಬಂದಿತು. ೧೯೦೨ರಲ್ಲಿ ಶಿವನಸಮುದ್ರದ ಕಾವೇರಿಯ ಶಕ್ತಿ ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು. ೧೯೦೫ರ ಆಗಸ್ಟ್‌ನಲ್ಲಿ ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪಗಳು ಬೆಳಗಿದವು. ಆಗಿನ ದೀಪಗಳು ಮಂದ ಬೆಳಕಿನವು. ಇಂಗಾಲದ ಎಳೆಯ ಬದಲು ಟಂಗ್‌ಸ್ಟನ್ ಲೋಹದ ತಂತು ಬಳಕೆಗೆ ಬಂದದ್ದು, ೧೯೧೩ರ ಸುಮಾರಿಗೆ ಬುರುಡೆಯೊಳಗೆ ಜಡ ಅನಿಲವನ್ನು ತುಂಬುವ ವಿಧಾನ ಕಂಡುಬಂದದ್ದು, ಇವುಗಳಿಂದ ದೀಪದ ಬೆಳಕು ಹೆಚ್ಚಿತು. ಒಂದನೆಯ ಮಹಾಯುದ್ಧ ಮುಗಿದು ಕೆಲವೇ ವರ್ಷಗಳಲ್ಲಿ ಪೇಟೆಯಲ್ಲಿ ಸಿಗುತ್ತಿದ್ದ ಒಳ್ಳೆಯ ಬಲ್ಬು ಸಾಮಾನ್ಯವಾಗಿ ೧,೫೦೦ರಿಂದ ೨,೦೦೦ ಗಂಟೆಗಳವರೆಗೆ ಉರಿಯುತ್ತಿತ್ತು.

ಇಲ್ಲಿ ಒಂದು ಕುತೂಹಲದ ಸಂಗತಿಯನ್ನು ಹೇಳಬೇಕು. ಅಮೆರಿಕದ ಕ್ಯಾಲಿಫೋರ್ನಿಯ ಪ್ರಾಂತದ ಲಿವರ್ಮೋರ್ ಎಂಬ ಊರಿನ ಅಗ್ನಿಶಾಮಕ ಠಾಣೆಯಲ್ಲಿ ೧೯೦೧ರಲ್ಲಿ ಹಚ್ಚಿದ ಬಲ್ಬೊಂದು ನೂರು ವರ್ಷ ಮೀರಿ ಬೆಳಗಿ ಜಗತ್ಪ್ರಸಿದ್ಧವಾಗಿದೆ. ಶೆಲ್ಬಿ ಎಂಬ ಕಂಪನಿ ತಯಾರಿಸಿದ, ಕೈಯಿಂದ ಊದಿದ ಗಾಜಿನ, ಇಂಗಾಲದ ತಂತುವಿನ ಬಲ್ಬು ಅದು. ಇದನ್ನು ಕೇಳಿ “ನೋಡಿದಿರಾ, ಹಿಂದಿನವರ ಕೌಶಲ!” ಎಂದು ಉದ್ಗರಿಸುವ ಮೊದಲು ಅದರ ಬೆಳಕು ಎಷ್ಟೆಂದು ಕೇಳಬೇಕು. ಅದು ಇಂದು ನಾಲ್ಕು ವ್ಯಾಟ್‌ನಷ್ಟು ಮಾತ್ರ ಶಕ್ತಿಯಲ್ಲಿ, ದೇವರ ಮನೆಯ ನಂದಾದೀಪದಂತೆ ಮಿನುಗುತ್ತಿದೆ. ಹಚ್ಚಿ ಆರಿಸುವ ಪೆಟ್ಟು ಅದಕ್ಕೆ ಬಿದ್ದಿರುವುದೂ ಅತಿ ವಿರಳ. ತಂತು ಕಡಿಮೆ ಕಾದರೆ ಹೆಚ್ಚು ಬಾಳುತ್ತದೆ, ಹೆಚ್ಚು ಕಾದರೆ ಹೆಚ್ಚು ಬೆಳಗಿ ಬೇಗ ಸಾಯುತ್ತದೆ. ಈ ನಿಯಮವನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದಿನ ಕಥೆಯನ್ನು ಕೇಳಬೇಕೆಂದು ಪ್ರಾರ್ಥನೆ.

೧೯೨೪ನೆಯ ಇಸವಿ ಡಿಸೆಂಬರ್ ತಿಂಗಳಿನಲ್ಲಿ ಸ್ವಿಟ್ಜರ್ಲೆಂಡಿನ ಜಿನೀವಾ ನಗರದಲ್ಲಿ ಜಗತ್ತಿನ ಪ್ರಮುಖ ದೀಪ ತಯಾರಕರ ಪ್ರತಿನಿಧಿಗಳು ಕೂಡಿದರು. ಜರ್ಮನಿಯ ಓಸ್ರಾಂ, ಹಾಲೆಂಡಿನ ಫಿಲಿಪ್ಸ್, ಫ್ರಾನ್ಸಿನ ದೀಪ ಕಂಪನಿ, ಹಂಗೇರಿಯ ಟಂಗ್‌ಸ್ರಾಂ, ಜಪಾನಿನ ಟೋಕಿಯೋ ಎಲೆಕ್ಟ್ರಿಕ್ ಮೊದಲಾದವು ಈ ಕೂಟದಲ್ಲಿ ಸೇರಿದವು. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿ ನೇರವಾಗಿ ಸೇರದಿದ್ದರೂ ತನ್ನ ವಿದೇಶೀ ಅಂಗಸಂಸ್ಥೆಗಳ ಮೂಲಕ ಒಳಗೇ ಇದ್ದಿತು. ಗ್ರೀಕರ ಸೂರ್ಯದೇವತೆಯ ಹೆಸರಾದ ‘ಫೀಬಸ್’ ಎಂಬುದನ್ನು ಈ ಕೂಟಕ್ಕೆ ಇಟ್ಟರು. ಬೆಳಕಿನ ದೇವತೆಯ ಹೆಸರಿನಲ್ಲಿ ನಡೆದ ವ್ಯವಹಾರ ಬೆಳಕಿಗೆ ಬರದಂತೆ ನಡೆಯಿತೆಂಬುದು ವಿಧಿಯ ವಿಡಂಬನೆ.

ಯಾವ ದೇಶದ ಪೇಟೆ ಯಾರಿಗೆ, ಯಾರು ಎಷ್ಟು ದೀಪ ಮಾರಬೇಕು ಎಂಬುದನ್ನು ಅವರು ಹಂಚಿಕೊಂಡರು. ಇಂತಹ ಹಂಚಿಕೆ ವ್ಯಾಪಾರಿಗಳ ಲೋಕದಲ್ಲಿ ಹೊಸದಾಗಿರಲಿಲ್ಲ. ಹೊಸದಾಗಿದ್ದುದು ಇನ್ನೊಂದು ಕಟ್ಟಳೆ: ಮನೆಬಳಕೆಯ ಸಾಧಾರಣ ಬಲ್ಬು ೧,೦೦೦ ಗಂಟೆ ಉರಿದರೆ ಸಾಕು. ಈ ಕಟ್ಟಳೆಯನ್ನು ಬಾಯಿಮಾತಿಗೆ ಬಿಡಲಿಲ್ಲ. ಪ್ರತಿಯೊಂದು ಕಾರ್ಖಾನೆಯೂ ತನ್ನ ಬಲ್ಬುಗಳ ಮಾದರಿಗಳನ್ನು ಸ್ವಿಟ್ಜರ್ಲೆಂಡಿನಲ್ಲಿದ್ದ ಪರೀಕ್ಷಾಲಯಕ್ಕೆ ಆಗಾಗ ಕಳುಹಿಸಬೇಕಾಗಿತ್ತು. ಅಲ್ಲಿ ಅವುಗಳನ್ನು ಉರಿಸಿ ಗಂಟೆ ಎಣಿಸುತ್ತಿದ್ದರು. ಗೊತ್ತುಮಾಡಿದ ಅವಧಿಗಿಂತ ಬಹಳ ಹೆಚ್ಚು ಕಾಲ ಉರಿಯುವ ದೀಪವನ್ನು ಮಾಡಿದ ಕಂಪನಿಯು ಸ್ವಿಸ್ ಫ್ರಾಂಕುಗಳಲ್ಲಿ ದಂಡ ತೆರಬೇಕಾಗಿತ್ತು. ತಾವು ಒಂದು ಕ್ಷಣ ಇದನ್ನು ಆಲೋಚಿಸಬೇಕು. ಮನುಷ್ಯನ ವೃತ್ತಿಗಳ ದೀರ್ಘ ಚರಿತ್ರೆಯಲ್ಲಿ ಕೆಟ್ಟ ಕೆಲಸಕ್ಕೆ ದಂಡ ಹಾಕಿದ ನಿದರ್ಶನಗಳು ಹೇರಳ. ಕಳಪೆ ನೂಲಿಗೆ, ಕಲಬೆರಕೆಯ ಬಂಗಾರಕ್ಕೆ, ಸುಳ್ಳು ತೂಕಕ್ಕೆ ರಾಜರೂ ವರ್ತಕರ ಸಂಘಗಳೂ ಶಿಕ್ಷೆ ವಿಧಿಸಿವೆ. ಇಲ್ಲಿ ಬಾಳಿಕೆಯೇ ಅಪರಾಧವಾಯಿತು.

ಫಲವು ಬೇಗನೆ ಕಂಡಿತು. ಕೂಟದ ದಾಖಲೆಗಳನ್ನು ಪರಿಶೀಲಿಸಿದ ವಿದ್ವಾಂಸರು ಕೊಡುವ ಲೆಕ್ಕದಂತೆ, ೧೯೨೬ರಲ್ಲಿ ಸರಾಸರಿ ೧,೮೦೦ ಗಂಟೆಗಳಿದ್ದ ದೀಪದ ಆಯುಷ್ಯವು ೧೯೩೩-೩೪ರ ವೇಳೆಗೆ ೧,೨೦೫ ಗಂಟೆಗಳಿಗೆ ಇಳಿದಿತ್ತು. ಕೆಲವು ಸದಸ್ಯರು ಉಪಾಯವಾಗಿ ಹೆಚ್ಚು ವೋಲ್ಟೇಜಿನ ಬಲ್ಬುಗಳನ್ನು ಮಾರಿ ಬಾಳಿಕೆಯನ್ನು ಹೆಚ್ಚಿಸಲೆತ್ನಿಸಿದಾಗ, ಕಷ್ಟಪಟ್ಟು ದಾಟಿ ಬಂದ ದೀರ್ಘಾಯುಷ್ಯದ ದೀಪಗಳ ಕಾಲಕ್ಕೆ ಮತ್ತೆ ಜಾರಬಾರದೆಂಬ ಎಚ್ಚರಿಕೆಯ ಪತ್ರಗಳು ಕೂಟದೊಳಗೆ ಓಡಾಡಿದವು.

ನ್ಯಾಯಕ್ಕಾಗಿ ಪ್ರತಿಪಕ್ಷದ ವಾದವನ್ನೂ ಹೇಳಬೇಕು. ಮೇಲೆ ಹೇಳಿದ ನಿಯಮದಂತೆ, ಬಲ್ಬಿನ ಆಯುಷ್ಯವನ್ನು ಹೆಚ್ಚಿಸಿದಷ್ಟೂ ಅದೇ ವಿದ್ಯುತ್ತಿಗೆ ದೊರೆಯುವ ಬೆಳಕು ಕಡಿಮೆಯಾಗುತ್ತದೆ. ಬಲ್ಬಿನಲ್ಲಿ ಉಳಿಸಿದ ಹಣ ವಿದ್ಯುತ್ತಿನ ಬಿಲ್ಲಿನಲ್ಲಿ ಹೋಗುತ್ತದೆ. ಬ್ರಿಟನ್ನಿನ ಏಕಸ್ವಾಮ್ಯ ವಿಚಾರಣಾ ಆಯೋಗವು ೧೯೫೧ರ ತನ್ನ ವರದಿಯಲ್ಲಿ, ಎಲ್ಲ ಸಂದರ್ಭಗಳಿಗೂ ಒಪ್ಪುವ ಒಂದೇ ಆಯುಷ್ಯಪ್ರಮಾಣವು ಇರಲಾರದು, ೧,೦೦೦ ಗಂಟೆಯೆಂಬುದು ಒಂದು ಹೊಂದಾಣಿಕೆಯೆಂದು ಹೇಳಿ ಆ ಮಟ್ಟಿಗೆ ತಯಾರಕರನ್ನು ದೂಷಿಸಲಿಲ್ಲ. ಇದು ತಳ್ಳಿಹಾಕುವಂತಹ ವಾದವಲ್ಲ. ಆದರೆ ಸತ್ಯ ಇಷ್ಟೇ ಆಗಿದ್ದಲ್ಲಿ ಅದನ್ನು ಕೊಳ್ಳುವವನಿಗೆ ತಿಳಿಸಿ ಆಯ್ಕೆಯನ್ನು ಅವನಿಗೇ ಬಿಡಬಹುದಾಗಿತ್ತು. ಹಜಾರಕ್ಕೆ ಪ್ರಖರ ದೀಪ, ಇಡೀ ರಾತ್ರಿ ಉರಿಯುವ ಓಣಿಗೆ ದೀರ್ಘ ಬಾಳಿಕೆಯ ದೀಪ ಎಂದು ಗೃಹಸ್ಥನು ತಾನೇ ಆರಿಸಿಕೊಳ್ಳುತ್ತಿದ್ದನು. ಆ ಆಯ್ಕೆಯನ್ನು ಅವನ ಅರಿವಿಗೆ ಬಾರದಂತೆ ಕಿತ್ತುಕೊಂಡದ್ದೇ ಫೀಬಸ್ ಕೂಟದ ನಿಜವಾದ ದೋಷವೆಂದು ತೋರುತ್ತದೆ.

ಈ ಬಲೆಯನ್ನು ಮೊದಲು ಹರಿದವರು ಸಹಕಾರಿಗಳು. ಸ್ವೀಡನ್ ದೇಶದ ಗ್ರಾಹಕರ ಸಹಕಾರಿ ಒಕ್ಕೂಟವು ಸ್ಟಾಕ್‌ಹೋಮಿನಲ್ಲಿ ‘ಲೂಮಾ’ ಎಂಬ ಸ್ವಂತ ದೀಪದ ಕಾರ್ಖಾನೆಯನ್ನು ಕಟ್ಟಿ ೧೯೩೧ರಲ್ಲಿ ಉತ್ಪಾದನೆ ಆರಂಭಿಸಿತು. ಅಲ್ಲಿ ಬಲ್ಬಿನ ಬೆಲೆಗಳು ಇಳಿದವು. ೧೯೦೫ರಷ್ಟು ಹಿಂದೆಯೇ ಗದಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರ ನಾಯಕತ್ವದಲ್ಲಿ ಸಹಕಾರ ಸಂಘವನ್ನು ಕಟ್ಟಿದ ನಾಡಿನವರಾದ ನಮಗೆ ಇದರ ಮರ್ಮ ಸುಲಭವಾಗಿ ತಿಳಿಯುತ್ತದೆ: ಕೊಳ್ಳುವವರು ಒಗ್ಗೂಡಿದಾಗ ಮಾರುವವರ ಒಳ ಒಪ್ಪಂದ ಸಡಿಲಗೊಳ್ಳುತ್ತದೆ. ಫೀಬಸ್ ಒಪ್ಪಂದವು ೧೯೫೫ರವರೆಗೆ ನಡೆಯಬೇಕಾಗಿದ್ದರೂ ೧೯೩೯ರಲ್ಲಿ ಎರಡನೆಯ ಮಹಾಯುದ್ಧ ಸಿಡಿದು ಕೂಟ ಮುರಿದುಬಿದ್ದಿತು. ಆದರೆ ೧,೦೦೦ ಗಂಟೆಯ ಅಳತೆ ಮಾತ್ರ ಪೇಟೆಯಲ್ಲಿ ಉಳಿದುಕೊಂಡಿತು.

ಕೂಟವು ಗುಟ್ಟಾಗಿ ಮಾಡಿದ್ದನ್ನು ಮುಂದಿನವರು ಬಹಿರಂಗವಾಗಿಯೇ ಬೋಧಿಸತೊಡಗಿದರು. ೧೯೨೦ರ ದಶಕದಲ್ಲಿಯೇ ಅಮೆರಿಕದ ಜನರಲ್ ಮೋಟಾರ್ಸ್ ಕಂಪನಿ ಆಲ್ಫ್ರೆಡ್ ಸ್ಲೋನ್‌ನ ಮುಂದಾಳತ್ವದಲ್ಲಿ ಪ್ರತಿ ವರ್ಷ ಕಾರಿನ ಹೊರರೂಪವನ್ನು ಬದಲಿಸಿ, ಓಡುತ್ತಿರುವ ಕಾರನ್ನೇ ಹಳತೆನ್ನಿಸುವ ಮಾರ್ಗ ಹಿಡಿದಿತ್ತು. ಆರ್ಥಿಕ ಮುಗ್ಗಟ್ಟಿನ ನಡುವೆ, ೧೯೩೨ರಲ್ಲಿ, ಬರ್ನಾರ್ಡ್ ಲಂಡನ್ ಎಂಬಾತನು ಒಂದು ಕಿರುಹೊತ್ತಗೆಯನ್ನು ಪ್ರಕಟಿಸಿ, ಪ್ರತಿಯೊಂದು ವಸ್ತುವಿಗೂ ಸರ್ಕಾರವೇ ಆಯುಷ್ಯವನ್ನು ಗೊತ್ತುಪಡಿಸಬೇಕು, ಅವಧಿ ಮುಗಿದೊಡನೆ ಅದು ಕಾನೂನಿನ ದೃಷ್ಟಿಯಲ್ಲಿ ಸತ್ತಂತೆ, ಅದನ್ನು ನಾಶಮಾಡಿ ಜನರು ಹೊಸದನ್ನು ಕೊಂಡರೆ ಕಾರ್ಖಾನೆಗಳು ಓಡುವುವು ಎಂದು ಸೂಚಿಸಿದನು. ಅವನಿಗೆ ದುರುದ್ದೇಶವಿದ್ದಂತೆ ಕಾಣುವುದಿಲ್ಲ. ನಿರುದ್ಯೋಗಿಗಳಿಗೆ ಅನ್ನ ಸಿಗಲೆಂಬ ಚಿಂತೆ ಅವನದು. ಆದರೆ ದುಡಿಯುವವನಿಗೆ ಅನ್ನ ಸಿಗಬೇಕಾದರೆ ಅವನ ದುಡಿಮೆಯ ಫಲ ನಾಶವಾಗಬೇಕೆಂಬುದು ಎಂತಹ ತರ್ಕ! ೧೯೫೪ರಲ್ಲಿ ವಿನ್ಯಾಸಕಾರ ಬ್ರೂಕ್ಸ್ ಸ್ಟೀವನ್ಸ್‌ನು, ಅಗತ್ಯಕ್ಕಿಂತ ಸ್ವಲ್ಪ ಮೊದಲೇ ಹೊಸದನ್ನು ಪಡೆಯುವ ಆಸೆಯನ್ನು ಕೊಳ್ಳುವವನ ಮನಸ್ಸಿನಲ್ಲಿ ಬಿತ್ತುವುದೇ ತನ್ನ ವೃತ್ತಿಯ ಗುರಿಯೆಂದು ಸಾರಿದನು. ೧೯೬೦ರಲ್ಲಿ ವ್ಯಾನ್ಸ್ ಪ್ಯಾಕರ್ಡ್‌ನು ಗ್ರಂಥವೊಂದನ್ನು ಬರೆದು ಈ ಮಾರ್ಗದ ಅಪಾಯವನ್ನು ಅಮೆರಿಕದ ಜನರಿಗೆ ಎತ್ತಿ ತೋರಿಸಿದನು.

ಇನ್ನು ನಮ್ಮ ನಾಡಿನ ಕಡೆಗೆ ತಿರುಗೋಣ. ೧೯೩೬ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ಕಾಲದಲ್ಲಿ, ಬೆಂಗಳೂರಿನ ಮಲ್ಲೇಶ್ವರದಲ್ಲಿ ಮೈಸೂರು ದೀಪದ ಕಾರ್ಖಾನೆ ಆರಂಭವಾಯಿತು. ‘ಮೈಸೂರು ಲ್ಯಾಂಪ್ಸ್’ ಬಲ್ಬಿನ ಹಳದಿ ಬೆಳಕಿನಲ್ಲಿ ಓದಿ ಪರೀಕ್ಷೆ ಪಾಸು ಮಾಡಿದ ಹಿರಿಯರು ಈ ಪತ್ರಿಕೆಯ ಓದುಗರಲ್ಲಿಯೂ ಅನೇಕರಿರಬೇಕು. ನಷ್ಟಕ್ಕೆ ಸಿಕ್ಕಿ ೨೦೦೩ರಲ್ಲಿ ಆ ಕಾರ್ಖಾನೆ ಬಾಗಿಲು ಮುಚ್ಚಿತು. ಅನಂತರ ತಂತುದೀಪದ ಯುಗವೇ ಹಿಂದೆ ಸರಿದು ಎಲ್.ಇ.ಡಿ. ದೀಪ ಬಂದಿತು. ೨೦೧೫ರ ಜನವರಿಯಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ‘ಉಜಾಲಾ’ ಯೋಜನೆಯಲ್ಲಿ ೩೬ ಕೋಟಿಗೂ ಹೆಚ್ಚು ಎಲ್.ಇ.ಡಿ. ಬಲ್ಬುಗಳು ಮನೆಗಳನ್ನು ಸೇರಿದವು. ವಿದ್ಯುತ್ತಿನ ಉಳಿತಾಯದಲ್ಲಿ ಇದು ದೊಡ್ಡ ಹೆಜ್ಜೆಯೆಂಬುದರಲ್ಲಿ ಸಂದೇಹವಿಲ್ಲ.

ಆದರೂ ಹಳೆಯ ಪ್ರಶ್ನೆ ಹೊಸ ವೇಷದಲ್ಲಿ ಮರಳಿ ಬಂದಿದೆ. ಎಲ್.ಇ.ಡಿ.ಯ ಬೆಳಕು ಕೊಡುವ ಬಿಲ್ಲೆಗಳು ಹತ್ತಾರು ಸಾವಿರ ಗಂಟೆ ಬಾಳಬಲ್ಲವು. ಆದರೆ ಬಲ್ಬಿನ ಬುಡದಲ್ಲಿ ವಿದ್ಯುತ್ತನ್ನು ಹದಗೊಳಿಸುವ ಪುಟ್ಟ ಸರ್ಕೀಟು ಒಂದಿದೆ. ಅಗ್ಗದ ಬಲ್ಬುಗಳಲ್ಲಿ ಅದರ ಕೆಪ್ಯಾಸಿಟರು ಶಾಖಕ್ಕೆ ಒಣಗಿ ಬೇಗ ಕೆಡುತ್ತದೆ. ಬಿಲ್ಲೆಗಳನ್ನೂ ಮಿತಿಮೀರಿ ದುಡಿಸಲಾಗುತ್ತದೆ. ಬುರುಡೆಯನ್ನು ಅಂಟು ಹಾಕಿ ಮುಚ್ಚಿರುವುದರಿಂದ ಬಿಚ್ಚಿ ಸರಿಪಡಿಸುವಂತೆಯೂ ಇಲ್ಲ. ಇದಕ್ಕೆ ಬೇರೆ ದಾರಿಯೇ ಇಲ್ಲವೆ? ೨೦೧೬ರಲ್ಲಿ ದುಬೈ ನಗರಾಡಳಿತವು ಒಪ್ಪಂದ ಮಾಡಿಕೊಂಡು ಬಾಳಿಕೆಯ ದೀಪವನ್ನೇ ಕೇಳಿತು. ಬೆಳಗುವ ತುಣುಕುಗಳನ್ನು ಹೆಚ್ಚಿಸಿ, ಪ್ರತಿಯೊಂದನ್ನೂ ಮೆಲ್ಲಗೆ ದುಡಿಸಿ, ಕಡಿಮೆ ವಿದ್ಯುತ್ತಿನಲ್ಲಿ ದೀರ್ಘಕಾಲ ಉರಿಯುವ ದೀಪವನ್ನು ಮಾಡಿಕೊಟ್ಟದ್ದು ಮತ್ತಾವುದೂ ಅಲ್ಲ, ಹಿಂದೆ ಫೀಬಸ್ ಕೂಟದಲ್ಲಿದ್ದ ಫಿಲಿಪ್ಸ್ ಕಂಪನಿಯೇ. ಮಾಡಬಲ್ಲವರು ಇದ್ದಾರೆ, ಕೇಳುವವರು ಬೇಕಾಗಿದ್ದಾರೆ.

ದೀಪದ ಮಾತು ಉಳಿದ ಗೃಹೋಪಕರಣಗಳಿಗೂ ಸಲ್ಲುತ್ತದೆ. ಹಳೆಯ ಫ್ಯಾನಿನ ಮೋಟಾರು ಸುಟ್ಟರೆ ಪೇಟೆಯ ಮೆಕ್ಯಾನಿಕ್ಕನು ವೈಂಡಿಂಗ್ ಮಾಡಿ ಕೊಡುತ್ತಿದ್ದನು. ೧೯೬೧ರಲ್ಲಿ ಬೆಂಗಳೂರಿನಲ್ಲಿ ಪ್ರಾರಂಭವಾದ ಎಚ್.ಎಂ.ಟಿ. ಗಡಿಯಾರದ ಕಾರ್ಖಾನೆ ಈಗಿಲ್ಲವಾದರೂ, ಅದರ ಕೀಲಿ ಕೊಡುವ ಕೈಗಡಿಯಾರಗಳನ್ನು ಬಿಚ್ಚಿ, ಒರೆಸಿ, ಎಣ್ಣೆ ಹಾಕಿ ಮತ್ತೆ ನಡೆಸುವ ರಿಪೇರಿಗಾರರು ಇನ್ನೂ ಇದ್ದಾರೆ. ಇಂದಿನ ಅನೇಕ ಬಟ್ಟೆ ಒಗೆಯುವ ಯಂತ್ರಗಳಲ್ಲಿ ಡ್ರಮ್ಮಿನ ಹೊರಕವಚವನ್ನು ಬೆಸೆದುಬಿಟ್ಟಿರುತ್ತಾರೆ. ಒಳಗಿನ ಬೇರಿಂಗ್ ಒಂದು ಸವೆದರೆ ಇಡೀ ಕವಚವನ್ನೇ ಕೊಳ್ಳಬೇಕು. ಮೊಬೈಲು ಫೋನಿನ ಬ್ಯಾಟರಿಯನ್ನು ಅಂಟಿನಿಂದ ಕೂರಿಸಿರುತ್ತಾರೆ. ತಿರುಪಿನ ಜಾಗದಲ್ಲಿ ಅಂಟು ಬಂದದ್ದು ಸಣ್ಣ ಬದಲಾವಣೆಯಂತೆ ಕಾಣುತ್ತದೆ. ಅದರಿಂದ ಒಂದು ಇಡೀ ಕಸುಬಿನವರ ಕೈಗೆ ಕೆಲಸ ತಪ್ಪಿತು. ೨೦೨೨ರಲ್ಲಿ ಜಗತ್ತಿನಲ್ಲಿ ಉತ್ಪನ್ನವಾದ ವಿದ್ಯುನ್ಮಾನ ಕಸವು ೬ ಕೋಟಿ ೨೦ ಲಕ್ಷ ಟನ್ನುಗಳೆಂದು ವಿಶ್ವಸಂಸ್ಥೆಯ ಅಂಗಸಂಸ್ಥೆಗಳು ಲೆಕ್ಕ ಹಾಕಿವೆ. ಅದರಲ್ಲಿ ಕ್ರಮಬದ್ಧವಾಗಿ ಸಂಗ್ರಹಿಸಿ ಸಂಸ್ಕರಿಸಲ್ಪಟ್ಟದ್ದು ಕಾಲುಭಾಗಕ್ಕಿಂತಲೂ ಕಡಿಮೆ. ಉಳಿದದ್ದರ ಸೀಸವೂ ಪಾದರಸವೂ ಯಾರ ಕೆರೆಗೆ, ಯಾರ ಮಕ್ಕಳ ನೆತ್ತರಿಗೆ ಸೇರುತ್ತವೆಂಬುದನ್ನು ಯೋಚಿಸಿದರೆ, ಇದು ಕೇವಲ ಹಣದ ಪ್ರಶ್ನೆಯಾಗಿ ಉಳಿಯುವುದಿಲ್ಲ.

ಶರಣಬಂಧುಗಳೇ, ಹನ್ನೆರಡನೆಯ ಶತಮಾನದ ಕಲ್ಯಾಣವನ್ನು ಈ ಸಂದರ್ಭದಲ್ಲಿ ನೆನೆಯದಿರಲು ಸಾಧ್ಯವೆ? ನುಲಿಯ ಚಂದಯ್ಯನವರು ಹಗ್ಗ ಹೊಸೆದರು, ಮೇದಾರ ಕೇತಯ್ಯನವರು ಬಿದಿರಿನ ಬುಟ್ಟಿ ಹೆಣೆದರು. ಆ ಹಗ್ಗವನ್ನು ಬಾವಿಗೆ ಇಳಿಬಿಟ್ಟವನೂ, ಆ ಬುಟ್ಟಿಯಲ್ಲಿ ಧಾನ್ಯ ಹೊತ್ತವನೂ ಅದೇ ಊರಿನವನು. ಸಂಜೆ ಅದೇ ಗೋಷ್ಠಿಯಲ್ಲಿ ಜೊತೆಗೆ ಕುಳಿತುಕೊಳ್ಳುವವನು. ಹಗ್ಗ ಹರಿದರೆ ಉತ್ತರ ಹೇಳಬೇಕಾದವನು ಎದುರಿಗೇ ಇದ್ದನು. ಕಾಯಕ ಎಂಬ ಮಾತಿಗೆ ಶರಣರು ಕೊಟ್ಟ ಅರ್ಥದಲ್ಲಿ ಬರಿಯ ದುಡಿಮೆಯಷ್ಟೇ ಇಲ್ಲ, ದುಡಿಮೆಯ ಸತ್ಯಶುದ್ಧತೆಯೂ ಇದೆ. ಆಯ್ದಕ್ಕಿ ಮಾರಯ್ಯನವರು ಒಂದು ದಿನ ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಹೆಚ್ಚಾದುದನ್ನು ಅಲ್ಲಿಯೇ ಸುರಿದು ಬರಬೇಕೆಂದು ಲಕ್ಕಮ್ಮನವರು ಹಿಂದಕ್ಕೆ ಕಳುಹಿಸಿದ ಪ್ರಸಂಗವು ತಮಗೆಲ್ಲ ತಿಳಿದದ್ದೇ. ಅಗತ್ಯಕ್ಕಿಂತ ಹೆಚ್ಚು ಪಡೆಯುವುದನ್ನೇ ದೋಷವೆಂದು ಕಂಡ ಆ ಮಹಾತಾಯಿಯ ಎದುರಿಗೆ, ಅಗತ್ಯಕ್ಕಿಂತ ಮೊದಲೇ ಕೊಳ್ಳುವಂತೆ ಮಾಡುವುದನ್ನೇ ವೃತ್ತಿಯ ಗುರಿಯೆಂದು ಸಾರಿದವನ ಮಾತನ್ನು ಇಟ್ಟು ನೋಡಿದರೆ ಎರಡು ಲೋಕಗಳ ಅಂತರ ತಾನಾಗಿಯೇ ತಿಳಿಯುತ್ತದೆ. ನಮ್ಮ ಮಠಗಳ ದಾಸೋಹದ ಮನೆಗಳಲ್ಲಿ ತಲೆಮಾರುಗಳಿಂದ ಕಲಾಯಿ ಹಾಕಿಸಿಕೊಂಡು ಅನ್ನ ಬೇಯಿಸುತ್ತ ಬಂದ ತಾಮ್ರದ ಕೊಪ್ಪರಿಗೆಗಳು ಮೊದಲನೆಯ ಲೋಕಕ್ಕೆ ಸೇರಿದವು.

ಹಿಂದಿನ ಕಾಲಕ್ಕೆ ಮರಳಬೇಕೆಂದು ಈ ಲೇಖಕನು ಹೇಳುತ್ತಿಲ್ಲ. ಮಿಕ್ಸಿಯೂ ಒಗೆಯುವ ಯಂತ್ರವೂ ನಮ್ಮ ತಾಯಂದಿರ ರಟ್ಟೆಗೆ ಕೊಟ್ಟ ಬಿಡುವು ಸಣ್ಣದಲ್ಲ. ಮನುಷ್ಯರು ಗೊತ್ತುಮಾಡಿದ್ದನ್ನು ಮನುಷ್ಯರೇ ತಿದ್ದಬಹುದೆಂಬುದೇ ಈ ಚರಿತ್ರೆಯಿಂದ ನಾವು ಕಲಿಯಬೇಕಾದ ಪಾಠ. ತಿದ್ದುವ ಕೆಲಸ ಈಗಾಗಲೇ ಆರಂಭವಾಗಿದೆ. ಫ್ರಾನ್ಸ್ ದೇಶವು ೨೦೧೫ರಲ್ಲಿ, ಉದ್ದೇಶಪೂರ್ವಕವಾಗಿ ವಸ್ತುವಿನ ಬಾಳಿಕೆಯನ್ನು ಕುಗ್ಗಿಸುವುದನ್ನು ಶಿಕ್ಷಾರ್ಹ ಅಪರಾಧವೆಂದು ಸಾರಿತು. ೨೦೨೧ರಿಂದ ಕೆಲವು ಉಪಕರಣಗಳ ಮೇಲೆ ಅವುಗಳನ್ನು ಎಷ್ಟು ಸುಲಭವಾಗಿ ರಿಪೇರಿ ಮಾಡಬಹುದೆಂಬುದಕ್ಕೆ ಅಂಕಗಳನ್ನು ಅಚ್ಚು ಮಾಡಿಸುತ್ತಿದೆ. ಒಗೆಯುವ ಯಂತ್ರದ ಬಿಡಿಭಾಗಗಳು ಹತ್ತು ವರ್ಷ, ಫ್ರಿಜ್ಜಿನವು ಏಳು ವರ್ಷ ದೊರೆಯುವಂತಿರಬೇಕೆಂದು ಐರೋಪ್ಯ ಒಕ್ಕೂಟವು ೨೦೨೧ರಲ್ಲಿ ನಿಯಮ ಜಾರಿಗೊಳಿಸಿತು. ನಮ್ಮ ಕೇಂದ್ರ ಸರ್ಕಾರದ ಗ್ರಾಹಕ ವ್ಯವಹಾರಗಳ ಇಲಾಖೆಯೂ ೨೦೨೨ರಲ್ಲಿ ರಿಪೇರಿಯ ಹಕ್ಕಿನ ವಿಷಯವಾಗಿ ಸಮಿತಿಯೊಂದನ್ನು ರಚಿಸಿ, ಅದೇ ವರ್ಷದ ಡಿಸೆಂಬರ್ ೨೪ರಂದು, ರಿಪೇರಿಯ ಮಾಹಿತಿಯನ್ನು ಗ್ರಾಹಕರಿಗೆ ಒದಗಿಸುವ ತಾಣವನ್ನು ತೆರೆಯಿತು.

ಆದರೆ ಕಾನೂನು ಅಂಗಡಿಯವರೆಗೆ ಬರಬಹುದು. ಅಂಗಡಿಯಲ್ಲಿ ನಿಂತು ಪ್ರಶ್ನೆ ಕೇಳಬೇಕಾದವರು ತಾವು. ಇದರ ಬಿಡಿಭಾಗ ಸಿಗುವುದೇ, ಎಷ್ಟು ವರ್ಷ ಸಿಗುವುದು, ನಮ್ಮೂರಿನ ಮೆಕ್ಯಾನಿಕ್ಕನು ಇದನ್ನು ಬಿಚ್ಚಬಲ್ಲನೇ ಎಂದು ಬೆಲೆ ಕೇಳುವ ಮೊದಲು ಕೇಳಿರಿ. ಹತ್ತು ಮಂದಿ ಕೇಳಿದರೆ ವರ್ತಕನು ಕೇಳಿಸಿಕೊಳ್ಳುತ್ತಾನೆ. ಸಾವಿರ ಮಂದಿ ಕೇಳಿದರೆ ಕಾರ್ಖಾನೆ ಕೇಳಿಸಿಕೊಳ್ಳುತ್ತದೆ. ಕೆಟ್ಟದ್ದನ್ನು ಎಸೆಯುವ ಮೊದಲು ಓಣಿಯ ತುದಿಯ ರಿಪೇರಿ ಅಂಗಡಿಗೆ ಒಮ್ಮೆ ಕೊಂಡೊಯ್ಯಿರಿ. ಅವನದೂ ಒಂದು ಕಾಯಕ.

ಕಡೆಯದಾಗಿ ಒಂದು ಮಾತು ಶ್ರೀಮಠದ ಪ್ರಸಾದನಿಲಯಗಳಲ್ಲಿ ಉಂಡು, ಓದಿ, ಇಂದು ಇಂಜಿನಿಯರುಗಳಾಗಿ, ಕಾರ್ಖಾನೆಗಳ ಅಧಿಕಾರಿಗಳಾಗಿ, ವರ್ತಕರಾಗಿ ದೇಶವಿದೇಶಗಳಲ್ಲಿರುವ ಹಳೆಯ ವಿದ್ಯಾರ್ಥಿಗಳಿಗೆ. ಜಿನೀವಾದಲ್ಲಿ ಕೂಡಿದವರೂ ತಮ್ಮಂತೆಯೇ ಓದಿದವರು, ತಮ್ಮ ಕಾಲದ ಜಾಣರು. ತಿರುಪೋ ಅಂಟೋ, ಗಟ್ಟಿ ಬೇರಿಂಗೋ ಅಗ್ಗದ ಬೇರಿಂಗೋ ಎಂಬ ಪ್ರಶ್ನೆ ತಮ್ಮ ಮೇಜಿನ ಮೇಲೆಯೂ ಒಂದು ದಿನ ಬಂದೀತು. ಅಂದು, ತಮ್ಮ ವಸ್ತುವನ್ನು ಕೊಳ್ಳುವ ಅಪರಿಚಿತನು ತಮ್ಮೊಡನೆ ಒಂದೇ ಪಂಕ್ತಿಯಲ್ಲಿ ಕುಳಿತು ಪ್ರಸಾದ ಸ್ವೀಕರಿಸಿದವನೆಂದು ಭಾವಿಸಿ ಉತ್ತರ ಬರೆಯಿರಿ. ಆಗ ತಮ್ಮ ಉದ್ಯೋಗ ಕಾಯಕವಾಗುತ್ತದೆ, ತಾವು ಮಾಡಿದ ವಸ್ತುವೂ ತನ್ನ ಪೂರ್ಣಾಯುಷ್ಯವನ್ನು ಬಾಳುತ್ತದೆ.